ಹಕ್ಕಿಗಳ ನೀರಿನ ತೊಟ್ಟಿಯ ಬಣ್ಣವೂ ಅಹಿಂಸಾಣುವ್ರತವೂ



ವ್ರತವನ್ನು ಸ್ವೀಕರಿಸುವುದು ಒಂದು ದಿನದ ಕಾರ್ಯ; ಅದನ್ನು ಅತಿಚಾರವಿಲ್ಲದೆ ನಡೆಸುವುದು ಜೀವಮಾನದ ಕಾರ್ಯ. ದೊಡ್ಡ ದೋಷಗಳು ಕಣ್ಣಿಗೆ ಬೀಳುತ್ತವೆಯಾದ್ದರಿಂದ ನಾವು ಅವುಗಳಿಂದ ದೂರ ಸರಿಯುತ್ತೇವೆ. ಪುಣ್ಯಕಾರ್ಯದ ಒಳಗೇ ಅಡಗಿ ಕುಳಿತ ಸಣ್ಣ ದೋಷವು ಮಾತ್ರ ವರ್ಷಗಟ್ಟಲೆ ಕಾಣಿಸದೆ ಉಳಿಯುತ್ತದೆ. ಅಂತಹ ಒಂದು ದೋಷವನ್ನು, ಅದೂ ನನ್ನ ಮನೆಯ ಹಿತ್ತಿಲಲ್ಲಿಯೇ ನಡೆದದ್ದನ್ನು, ಈ ಪಾಠದ ವಿಷಯವಾಗಿ ಎತ್ತಿಕೊಂಡಿದ್ದೇನೆ.

ಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷ ನಾನೊಂದು ನಿಯಮವನ್ನು ಕೈಗೊಂಡೆನು. ಯುಗಾದಿಯಿಂದ ಮೊದಲುಗೊಂಡು ಮೃಗಶಿರಾ ಮಳೆ ಬೀಳುವವರೆಗೆ, ಹಿತ್ತಿಲ ತೊಟ್ಟಿಯಲ್ಲಿ ಹಕ್ಕಿಗಳಿಗೆ ಗಾಳಿಸಿದ ನೀರನ್ನು ತುಂಬಿಸಿದ ಹೊರತು ನಾನು ಬಾಯಿಗೆ ಏನನ್ನೂ ಹಾಕಕೂಡದು ಎಂಬುದೇ ಆ ನಿಯಮ. ಗಾರೆಯವನಿಂದ ಸಿಮೆಂಟಿನ ಒಂದು ಅಗಲವಾದ ತೊಟ್ಟಿಯನ್ನು ಮಾಡಿಸಿದೆನು. ಅದು ಬೋಳಾಗಿ ಕಾಣುತ್ತದೆಂದು, ಗೇಟಿಗೆ ಬಳಿದು ಉಳಿದು ಅಟ್ಟದ ಮೇಲೆ ಎಷ್ಟೋ ವರ್ಷಗಳಿಂದ ಕುಳಿತಿದ್ದ ನೀಲಿ ಎನಾಮಲ್ ಬಣ್ಣದ ಡಬ್ಬಿಯನ್ನು ಇಳಿಸಿ, ಒಳಗೂ ಹೊರಗೂ ಎರಡು ಕೈ ಬಳಿದೆನು. ತೊಟ್ಟಿಯು ಆಕಾಶದ ತುಂಡಿನಂತೆ ಹೊಳೆಯಿತು. ಬಂದವರೆಲ್ಲ ಮೆಚ್ಚಿದರು, ನಾನೂ ಮನಸ್ಸಿನಲ್ಲಿ ಹಿಗ್ಗಿದೆನು.

ಎರಡನೆಯ ಬೇಸಗೆಯಲ್ಲಿ ಬಣ್ಣವು ಗುಳ್ಳೆಯೆದ್ದು ಚಕ್ಕೆಚಕ್ಕೆಯಾಗಿ ಏಳತೊಡಗಿತು. ಒಂದು ಬೆಳಿಗ್ಗೆ ಮೊಮ್ಮಗಳು ಓಡಿಬಂದು, “ಅಜ್ಜಾ, ಹಕ್ಕಿ ನೀಲಿ ಬಣ್ಣ ತಿನ್ನಾಕತ್ತೈತಿ” ಎಂದಳು. ಹೋಗಿ ನೋಡಲು, ಒಂದು ಬೆಳವವು ತೊಟ್ಟಿಯ ಅಂಚಿನ ಮೇಲೆ ಕುಳಿತು, ಸಡಿಲವಾದ ಚಕ್ಕೆಯನ್ನು ಕೊಕ್ಕಿನಿಂದ ಕಿತ್ತು ನುಂಗುತ್ತಿತ್ತು. ಆ ವಾರದಲ್ಲಿಯೇ ಮಾವಿನ ಮರದ ಬುಡದಲ್ಲಿ ಒಂದು ಬೆಳವವು ರೆಕ್ಕೆ ಜೋತುಬಿಟ್ಟು ಬಿದ್ದು, ಸಂಜೆಯೊಳಗೆ ಪ್ರಾಣ ಬಿಟ್ಟಿತು. ಅದೇ ಬೆಳವವೆಂದು ನಾನು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಆದರೆ ಎರಡು ಬೇಸಗೆ ಒಂದು ದಿನವೂ ತಪ್ಪದೆ ನಡೆಸಿದ ನನ್ನ ನಿಯಮವು ಯಾವ ಪಾತ್ರೆಯಲ್ಲಿ ನಡೆದಿತ್ತೆಂಬ ಪ್ರಶ್ನೆಯು ಅಂದು ನನ್ನನ್ನು ಹಿಡಿದುಕೊಂಡಿತು. ಆ ಬಳಿಕ ಓದಿ, ಕೇಳಿ, ನೋಡಿ ತಿಳಿದುದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ.

1. ಶಾಸ್ತ್ರದೃಷ್ಟಿ

ಪ್ರಮಾದದ ಯೋಗದಿಂದ ಪ್ರಾಣಕ್ಕೆ ಉಂಟಾಗುವ ಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ಇಲ್ಲಿ ಮುಖ್ಯವಾದ ಶಬ್ದವು ‘ಪ್ರಮಾದ’. ಕೊಲ್ಲುವ ಭಾವವು ನನ್ನಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ಡಬ್ಬಿಯಲ್ಲಿ ಏನಿದೆಯೆಂದು ಓದಿ ನೋಡುವ, ತಿಳಿದವರನ್ನು ಕೇಳುವ ಎಚ್ಚರಿಕೆಯೂ ಇರಲಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳಲ್ಲಿ ಕೊನೆಯದನ್ನು ನೋಡಿರಿ. ಪ್ರಾಣಿಗೆ ನೀರನ್ನು ತಡೆಯುವುದು ದೋಷವಾಗಿರುವಾಗ, ನೀರನ್ನು ಮುಂದಿಟ್ಟು ಅದನ್ನು ಕುಡಿಯಲು ಅಯೋಗ್ಯವಾಗಿಸುವುದು ಎಂತಹ ದೋಷವೆಂಬುದನ್ನು ಪ್ರತಿಯೊಬ್ಬರೂ ವಿಚಾರಿಸಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಅನರ್ಥದಂಡದ ಐದು ಭೇದಗಳಲ್ಲಿಯೂ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸುತ್ತವೆ. ಪ್ರಯೋಜನವಿಲ್ಲದೆ, ವಿಚಾರವಿಲ್ಲದೆ ನಡೆಸುವ ಕ್ರಿಯೆಯು ಪ್ರಮಾದಚರ್ಯೆ. ಹಿಂಸೆಯ ಸಾಧನವನ್ನು ಇನ್ನೊಬ್ಬರಿಗೆ ಕೊಡುವುದು ಹಿಂಸಾದಾನ. ಅಲಂಕಾರಕ್ಕಾಗಿ ತೊಟ್ಟಿಯ ಒಳಮೈಗೆ ಬಣ್ಣ ಬಳಿಯುವುದು ಮೊದಲನೆಯದಕ್ಕೆ ಉದಾಹರಣೆ. ಎರಡನೆಯದರ ಉದಾಹರಣೆಯು ಮುಂದೆ ಬರುತ್ತದೆ.

2. ಬಣ್ಣದಲ್ಲಿ ಏನೇನಿರುತ್ತದೆ?

ಯಾವುದೇ ಬಣ್ಣದಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಬಣ್ಣವನ್ನು ಕೊಡುವ ವರ್ಣದ್ರವ್ಯದ ಪುಡಿ. ಆ ಪುಡಿಯನ್ನು ಗೋಡೆಗೆ ಹಿಡಿಸುವ ಅಂಟು. ಅದನ್ನು ತೆಳುಗೊಳಿಸುವ ಟರ್ಪೆಂಟೈನ್ ಅಥವಾ ನೀರು. ಬೇಗ ಒಣಗಲೆಂದೂ ಬೂಷ್ಟು ಹಿಡಿಯದಿರಲೆಂದೂ ಸೇರಿಸುವ ಅಲ್ಪ ಪ್ರಮಾಣದ ಇತರ ರಾಸಾಯನಿಕಗಳು. ವಿಷವು ಈ ನಾಲ್ಕರಲ್ಲಿ ಯಾವುದರಿಂದಲಾದರೂ ಬರಬಹುದು.

ಇವುಗಳಲ್ಲಿ ಅತಿ ಘೋರವಾದುದು ಸೀಸ. ಬಿಳಿಗಾಗಿ ಸೀಸದ ಕಾರ್ಬೊನೇಟ್, ಹಳದಿಗಾಗಿ ಸೀಸದ ಕ್ರೋಮೇಟ್, ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ರೆಡ್ ಲೆಡ್, ಎನಾಮಲ್ ಬೇಗ ಒಣಗಲು ಸೀಸದ ಲವಣಗಳು, ಹೀಗೆ ಅನೇಕ ದಶಕಗಳ ಕಾಲ ಸೀಸವು ಬಣ್ಣದ ಡಬ್ಬಿಗಳನ್ನು ಹೊಕ್ಕಿತ್ತು. ಅಮೆರಿಕದಲ್ಲಿ 1978ರಲ್ಲಿಯೇ ಮನೆಬಳಕೆಯ ಬಣ್ಣದಲ್ಲಿನ ಸೀಸಕ್ಕೆ ನಿರ್ಬಂಧ ಬಂದಿತು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರವು 2016ರಲ್ಲಿ ನಿಯಮವನ್ನು ಪ್ರಕಟಿಸಿ, ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ವಿಧಿಸಿತು. ಈ ಮಿತಿಯು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಆದುದರಿಂದ ಅದಕ್ಕಿಂತ ಹಿಂದಿನ ಡಬ್ಬಿಯು ಅಟ್ಟದ ಮೇಲಿದ್ದರೆ ಅದನ್ನು ಸೀಸಯುಕ್ತವೆಂದೇ ಭಾವಿಸಿ ನಡೆಯುವುದು ವಿವೇಕ. ನಾನು ಇಳಿಸಿದ ಡಬ್ಬಿಯು ಅಂತಹದೇ ಆಗಿತ್ತು.

3. ಒಂದು ಚಿಕ್ಕ ಲೆಕ್ಕ

ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಸೀಸವು 0.01 ಮಿಲಿಗ್ರಾಂ ಮೀರಬಾರದು. ಹಳೆಯ ಬಣ್ಣವೊಂದರಲ್ಲಿ ನೂರಕ್ಕೆ ಒಂದು ಪಾಲು ಸೀಸವಿದೆಯೆಂದು ಇಟ್ಟುಕೊಳ್ಳೋಣ. ಅದರ 1 ಗ್ರಾಂ ಚಕ್ಕೆಯಲ್ಲಿ 10 ಮಿಲಿಗ್ರಾಂ ಸೀಸವಿರುತ್ತದೆ. ಒಂದು ಲೀಟರ್ ನೀರಿಗೆ ಆ ಚಕ್ಕೆ ಬಿದ್ದು, ಅದರಲ್ಲಿನ ಸೀಸದ ನೂರನೆಯ ಒಂದಂಶ ಮಾತ್ರ ಕರಗಿದರೂ 0.1 ಮಿಲಿಗ್ರಾಂ ಆಯಿತು. ಅರ್ಥಾತ್ ಮಿತಿಯ ಹತ್ತು ಪಟ್ಟು. ಅದೇ ಚಕ್ಕೆಯು ಇಂದಿನ 90 ಭಾಗದ ಮಿತಿಯ ಬಣ್ಣದ್ದಾದರೆ ಅದರಲ್ಲಿರುವ ಒಟ್ಟು ಸೀಸವು 0.09 ಮಿಲಿಗ್ರಾಂ; ಅದರ ನೂರನೆಯ ಒಂದಂಶವು 0.0009 ಮಿಲಿಗ್ರಾಂ. ಇದು ಮಿತಿಯ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಡಬ್ಬಿಯನ್ನು ಓದುವುದಕ್ಕೂ ಓದದಿರುವುದಕ್ಕೂ ಎಷ್ಟು ಅಂತರವಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಲೆಕ್ಕವು ಕುಡಿಯುವ ನೀರಿಗೆ ಮಾತ್ರ ಸಂಬಂಧಿಸಿದ್ದು. ಹಕ್ಕಿಗೆ ಹಲ್ಲುಗಳಿಲ್ಲ. ಕಾಳು ತಿನ್ನುವ ಹಕ್ಕಿಗಳು ಚಿಕ್ಕ ಹರಳುಗಳನ್ನು ನುಂಗಿ, ಹೊಟ್ಟೆಯೊಳಗಿನ ಬಲವಾದ ಸ್ನಾಯುಚೀಲದಲ್ಲಿ ಅವುಗಳಿಂದ ಕಾಳನ್ನು ಅರೆಯುತ್ತವೆ. ಬಣ್ಣದ ಚಕ್ಕೆಯನ್ನು ಅವು ಹರಳೆಂದು ಬಗೆದು ನುಂಗಿದರೆ, ಅದು ಅಲ್ಲಿಯೇ ನಿಂತು, ಅರೆದು, ಜಠರದ ಆಮ್ಲದಲ್ಲಿ ಕರಗುತ್ತ ಹೋಗುತ್ತದೆ. ಗುಬ್ಬಿಯ ತೂಕವು ಸುಮಾರು 30 ಗ್ರಾಂ. 60 ಕಿಲೋ ತೂಕದ ಮನುಷ್ಯನ ಎರಡು ಸಾವಿರದಲ್ಲಿ ಒಂದು ಪಾಲು. ನಮಗೆ ತೃಣಮಾತ್ರವಾದುದು ಅದಕ್ಕೆ ಪರ್ವತ.

ಇದು ಕೇವಲ ತರ್ಕವಲ್ಲ. ಪೆಸಿಫಿಕ್ ಮಹಾಸಾಗರದ ಮಿಡ್‌ವೇ ದ್ವೀಪದಲ್ಲಿ ಹಳೆಯ ಸೈನಿಕ ಕಟ್ಟಡಗಳ ಸೀಸದ ಬಣ್ಣವು ಉದುರಿ ನೆಲಕ್ಕೆ ಬೀಳುತ್ತಿತ್ತು. ಅಲ್ಲಿ ಗೂಡು ಮಾಡುವ ಲೇಸನ್ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯ ಮರಿಗಳು ಆ ಚಕ್ಕೆಗಳನ್ನು ನುಂಗಿ, ನರಗಳು ದುರ್ಬಲವಾಗಿ, ರೆಕ್ಕೆಗಳನ್ನು ಎತ್ತಲಾರದೆ ನೆಲದ ಮೇಲೆ ಎಳೆಯುತ್ತ ಸಾಯುತ್ತಿದ್ದುದನ್ನು ವಿಜ್ಞಾನಿಗಳು 1987ರಲ್ಲಿ ವರದಿ ಮಾಡಿದರು. ಬಳಿಕ ಅಲ್ಲಿಯ ಸರ್ಕಾರವು ಆ ಬಣ್ಣವನ್ನೂ ಕೆಟ್ಟ ಮಣ್ಣನ್ನೂ ತೆಗೆಯಿಸುವ ಕೆಲಸವನ್ನು ಕೈಗೊಳ್ಳಬೇಕಾಯಿತು. ಇದನ್ನು ಓದಿದ ರಾತ್ರಿ ಮಾವಿನ ಬುಡದ ಬೆಳವದ ಜೋತ ರೆಕ್ಕೆಗಳು ನನ್ನ ಕಣ್ಣಮುಂದೆ ಬಂದವು.

4. ಸೀಸವಿಲ್ಲದಿದ್ದರೆ ಸಾಕೆ?

ಸಾಲದು. ‘ಸೀಸರಹಿತ’ ಎಂದರೆ ‘ನಿರ್ವಿಷ’ ಎಂದರ್ಥವಲ್ಲ. ಕಬ್ಬಿಣಕ್ಕೆ ಮೊದಲ ಲೇಪವಾಗಿ ಬಳಿಯುವ ಕೆಂಪು ರೆಡ್ ಆಕ್ಸೈಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಿರಿ. ಅದರಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನದು. ನಮ್ಮ ಹಿರಿಯರ ಕಾವಿಯದೇ ಜಾತಿ, ತಾನಾಗಿ ನಿರಪಾಯ. ಆದರೆ ಪೇಟೆಯ ಅನೇಕ ಡಬ್ಬಿಗಳಲ್ಲಿ ಅದರೊಂದಿಗೆ ಸತುವಿನ ಕ್ರೋಮೇಟನ್ನು ಬೆರೆಸಿರುತ್ತಾರೆ. ಅದು ಮನುಷ್ಯರಿಗೇ ಅರ್ಬುದಕಾರಕ. ಸತುವಿನ ಅಂಶ ಹೆಚ್ಚಾಗಿರುವ ಲೇಪಗಳೂ ಸಲ್ಲವು; ಹೊಸ ತಗಡು ತಂತಿಯ ಸತುವನ್ನು ಕಡಿದು ಪಂಜರದ ಹಕ್ಕಿಗಳು ವಿಷವೇರಿ ಸಾಯುವುದು ಪಶುವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಹಡಗು ದೋಣಿಗಳ ತಳಕ್ಕೆ ಬಳಿಯುವ ಬಣ್ಣವು ಜಲಜೀವಿಗಳನ್ನು ಕೊಲ್ಲಲೆಂದೇ ತಯಾರಾದುದು. ಗೋಡೆಯ ಹೊರಮೈಗೆಂದು ಮಾರುವ ಎಮಲ್ಷನ್ ಬಣ್ಣಗಳಲ್ಲಿ ಪಾಚಿ, ಬೂಷ್ಟುಗಳನ್ನು ಕೊಲ್ಲುವ ರಾಸಾಯನಿಕಗಳನ್ನು ಸೇರಿಸುವುದುಂಟು. ನೀರು ನಿಂತಲ್ಲಿ ಅವು ನೀರಿಗೆ ಇಳಿಯುತ್ತವೆ. ಕಲ್ಲಿದ್ದಲ ಡಾಂಬರೂ ವರ್ಜ್ಯವೇ.

ವ್ರತಿಗಳು ಇನ್ನೂ ಕೆಲವು ಸಂಗತಿಗಳನ್ನು ವಿಚಾರಿಸಬೇಕು. ಹಳೆಯ ಪದ್ಧತಿಯ ಡಿಸ್ಟೆಂಪರುಗಳಲ್ಲಿ ಪ್ರಾಣಿಗಳ ಚರ್ಮ, ಎಲುಬುಗಳಿಂದ ಬೇಯಿಸಿ ತೆಗೆದ ಸರೇಸು ಇರುತ್ತಿತ್ತು. ಕಪ್ಪು ಬಣ್ಣಗಳಲ್ಲಿ ಎಲುಬನ್ನು ಸುಟ್ಟು ಮಾಡಿದ ಒಂದು ಬಗೆಯುಂಟು. ಬಣ್ಣದ ಕುಂಚಗಳಲ್ಲಿ ಬಹಳಷ್ಟು ಹಂದಿಯ ಕೂದಲಿನವು. ನೈಲಾನ್ ಕುಂಚವನ್ನೇ ಕೇಳಿ ಕೊಳ್ಳಬೇಕು.

5. ಸಿಮೆಂಟಿನ ಮೇಲೆ ಎನಾಮಲ್ ಏಕೆ ನಿಲ್ಲುವುದಿಲ್ಲ?

ಸಿಮೆಂಟಿನಲ್ಲಿ ಸುಣ್ಣದ ಅಂಶವಿದೆ, ಅದು ಕ್ಷಾರ. ಎನಾಮಲ್ ಬಣ್ಣದ ಅಂಟು ಎಣ್ಣೆಯ ಸಂತತಿಯದು. ಕ್ಷಾರವೂ ಎಣ್ಣೆಯೂ ಕೂಡಿದರೆ ಸಾಬೂನು ಆಗುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ತೊಟ್ಟಿಯ ಸಿಮೆಂಟು ನೀರನ್ನು ಹೀರಿ ಸದಾ ಹಸಿಯಾಗಿರುವುದರಿಂದ, ಬಣ್ಣದ ಅಡಿಯಲ್ಲಿ ಇದೇ ಕ್ರಿಯೆಯು ಮೆಲ್ಲನೆ ನಡೆದು ಅಂಟು ಮೆತ್ತಗಾಗುತ್ತದೆ. ಮೇಲೆ ಬಿಸಿಲು ಬಿದ್ದಾಗ ಒಳಗಿನ ತೇವವು ಆವಿಯಾಗಿ ಬಣ್ಣದ ಪೊರೆಯನ್ನು ಎತ್ತುತ್ತದೆ. ಗುಳ್ಳೆಯೆದ್ದು ಚಕ್ಕೆ ಉದುರುತ್ತದೆ. ಅಂದರೆ ನನ್ನ ತೊಟ್ಟಿಯ ಬಣ್ಣವು ಏಳುವುದು ನಿಶ್ಚಿತವೇ ಆಗಿತ್ತು.

6. ಹಾಗಾದರೆ ಯಾವುದು ಯೋಗ್ಯ?

ಪಾತ್ರಗಳಲ್ಲಿ ಉತ್ತಮ, ಮಧ್ಯಮ, ಜಘನ್ಯವೆಂಬ ಭೇದವಿರುವಂತೆ ಇಲ್ಲಿಯೂ ಮೂರು ಮಾರ್ಗಗಳನ್ನು ಹೇಳಬಹುದು.

ಉತ್ತಮ ಮಾರ್ಗವು ಬಣ್ಣವೇ ಇಲ್ಲದ ಪಾತ್ರೆ. ಕುಂಬಾರನ ಸುಟ್ಟ ಮಣ್ಣಿನ ಅಗಲ ತಟ್ಟೆ ಅಥವಾ ಕಲ್ಲಿನ ಬಾನಿ ಇದ್ದರೆ ಬೇರೇನೂ ಬೇಡ. ಮಣ್ಣಿನ ತಟ್ಟೆಯ ಮೈಯಿಂದ ನೀರು ಸ್ವಲ್ಪ ಸ್ವಲ್ಪವೇ ಆವಿಯಾಗುವುದರಿಂದ ಒಳಗಿನ ನೀರು ತಂಪಾಗಿರುತ್ತದೆ. ಮೈ ಒರಟಾಗಿರುವುದರಿಂದ ಹಕ್ಕಿಯ ಕಾಲು ಜಾರುವುದಿಲ್ಲ. ಹೊಳಪಿನ ಲೇಪ ಹಚ್ಚಿದ ಅಲಂಕಾರದ ತಟ್ಟೆಯನ್ನು ಮಾತ್ರ ಕೊಳ್ಳಬೇಡಿರಿ. ಅಂತಹ ಲೇಪಗಳಲ್ಲಿಯೂ ಸೀಸವಿರುವುದುಂಟು.

ಮಧ್ಯಮ ಮಾರ್ಗವು ಹೊರಮೈಗೆ ಮಾತ್ರ ಬಣ್ಣ. ನೀರು ತಾಗುವ ಒಳಮೈಯನ್ನೂ, ಹಕ್ಕಿಯು ಕುಳಿತು ಕುಕ್ಕುವ ಅಂಚನ್ನೂ, ಅಂಚಿನಿಂದ ಹೊರಗೆ ನಾಲ್ಕು ಬೆರಳಷ್ಟು ಜಾಗವನ್ನೂ ಬೋಳಾಗಿಯೇ ಬಿಡಬೇಕು. ಉಳಿದ ಹೊರಮೈಗೆ ಸುಣ್ಣದ ತಿಳಿಯನ್ನು ಬಳಿದರೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣಕಲ್ಲಿನ ಜಾತಿಯ ಪದಾರ್ಥವಾಗಿ ಗಟ್ಟಿಯಾಗುತ್ತದೆ. ಬಿಸಿಲನ್ನು ಹಿಂದಕ್ಕೆ ತಳ್ಳಿ ನೀರನ್ನು ತಂಪಾಗಿಡುತ್ತದೆ. ಬಣ್ಣ ಬೇಕೆನ್ನುವವರು ಸುಣ್ಣಕ್ಕೆ ಕಾವಿಯನ್ನು ಬೆರೆಸಬಹುದು. ಕಡು ಬಣ್ಣಗಳು ಬಿಸಿಲನ್ನು ಹೀರಿ ನೀರನ್ನು ಕಾಯಿಸುವುದರಿಂದ ಅವು ಬೇಡ.

ಜಘನ್ಯ ಮಾರ್ಗವು ಒಳಮೈಗೆ ಲೇಪ. ತೊಟ್ಟಿಯು ಸೀಳಿ ಸೋರುತ್ತಿದ್ದು, ಬೇರೆ ಪಾತ್ರೆಗೆ ಅನುಕೂಲವಿಲ್ಲದಿದ್ದರೆ ಮಾತ್ರ ಇದನ್ನು ಅನುಸರಿಸಬೇಕು. ಆಗಲೂ ಕುಡಿಯುವ ನೀರಿನ ಟ್ಯಾಂಕಿನ ಒಳಮೈಗೆ ಯೋಗ್ಯವೆಂದು ಡಬ್ಬಿಯ ಮೇಲೆಯೇ ಬರೆದಿರುವ, ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಲೇಪವೇ ಆಗಬೇಕು. ಎರಡು ಭಾಗಗಳ ಪ್ರಮಾಣವು ತಪ್ಪಿದರೆ ಗಟ್ಟಿಯಾಗದೆ ಉಳಿದ ಭಾಗವು ನೀರಿಗೆ ಇಳಿಯುತ್ತದೆ. ಕೈಗೆ ಅಂಟದಷ್ಟು ಒಣಗಿತೆಂದ ಮಾತ್ರಕ್ಕೆ ಅದು ಮಾಗಿತೆಂದಲ್ಲ. ಡಬ್ಬಿಯಲ್ಲಿ ಹೇಳಿದ ದಿನಗಳು, ಸಾಮಾನ್ಯವಾಗಿ ಒಂದು ವಾರ, ಕಳೆಯಬೇಕು. ಆಮೇಲೆ ನೀರು ತುಂಬಿ ಒಂದು ದಿನ ಬಿಟ್ಟು ಚೆಲ್ಲಬೇಕು. ಹೀಗೆ ಮೂರು ಸಲ ಮಾಡಬೇಕು. ಎಪಾಕ್ಸಿಯು ಬಿಸಿಲಿಗೆ ಪುಡಿಯಾಗುವ ಸ್ವಭಾವದ್ದಾದುದರಿಂದ ತೊಟ್ಟಿಯನ್ನು ನೆರಳಿನಲ್ಲಿಟ್ಟು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಒಳಮೈ ನುಣುಪಾಗುವುದರಿಂದ ಒಂದೆರಡು ಒರಟು ಕಲ್ಲುಗಳನ್ನು ಇಡಬೇಕು.

ಹೊಸ ಸಿಮೆಂಟಿನ ತೊಟ್ಟಿಯಾದರೆ 28 ದಿನ ನೀರುಣಿಸಿ, ನೀರನ್ನು ಮತ್ತೆ ಮತ್ತೆ ಬದಲಿಸಿ, ಕ್ಷಾರವನ್ನು ಕಳೆಯಬೇಕು. ಅದು ಕಳೆಯಿತೆ ಎಂಬುದನ್ನು ಪರೀಕ್ಷಿಸಲು ಅಡುಗೆಮನೆಯ ಅರಿಶಿನವೇ ಸಾಕು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದದ ಚೂರನ್ನು, ಒಂದು ದಿನ ತೊಟ್ಟಿಯಲ್ಲಿ ನಿಂತ ನೀರಿನಿಂದ ತೋಯಿಸಿರಿ. ಅರಿಶಿನಕ್ಕೆ ಸುಣ್ಣ ಕೂಡಿದಾಗ ಆಗುವಂತೆ ಅದು ಕೆಂಪಾದರೆ ಕ್ಷಾರವಿನ್ನೂ ಇದೆ. ಹಳದಿಯಾಗಿಯೇ ಉಳಿದರೆ ಹಕ್ಕಿಗಳಿಗೆ ತೆರೆಯಬಹುದು.

7. ಬಳಿಯುವ ವಿಧಿ

ಬಣ್ಣದ ಕೆಲಸವನ್ನು ಚಾತುರ್ಮಾಸದಲ್ಲಿ ಮಾಡತಕ್ಕದ್ದಲ್ಲ. ಆಗ ಸೂಕ್ಷ್ಮಜೀವಗಳು ಹೇರಳ. ಗಾಳಿಯ ತೇವದಿಂದ ಲೇಪವೂ ಸರಿಯಾಗಿ ಒಣಗದು. ಮಾಘ ಫಾಲ್ಗುಣಗಳಲ್ಲಿ, ಹಗಲಿನಲ್ಲಿ, ನಿಯಮದ ಕಾಲವು ಆರಂಭವಾಗುವ ಮೊದಲೇ ಮುಗಿಸಬೇಕು. ರಾತ್ರಿ ದೀಪದ ಬೆಳಕಿನಲ್ಲಿ ಬಳಿದರೆ ಹುಳುಗಳು ಬಂದು ಹಸಿ ಬಣ್ಣಕ್ಕೆ ಅಂಟಿ ಸಾಯುತ್ತವೆ. ಹಗಲಿನಲ್ಲಿಯೂ ಒಣಗುವವರೆಗೆ, ಮೈಗೆ ತಾಗದಂತೆ ತೆಳುವಾದ ಮಲ್ ಬಟ್ಟೆಯನ್ನು ಮುಚ್ಚಿಡಬೇಕು. ಕುಂಚ ತೊಳೆದ ನೀರನ್ನು ಬಾವಿಯ ಬಳಿ, ಗಿಡದ ಬುಡಕ್ಕೆ ಚೆಲ್ಲಬಾರದು.

8. ಹಳೆಯ ಬಣ್ಣದ ತೊಟ್ಟಿಯನ್ನು ಏನು ಮಾಡಬೇಕು?

ಬಣ್ಣವನ್ನು ಒಣದಾಗಿ ಉಜ್ಜಿ ಕೆರೆಯಬೇಡಿರಿ; ಸೀಸದ ಧೂಳು ಉಸಿರಿನೊಂದಿಗೆ ಒಳಹೊಕ್ಕು ಮನೆಯ ಮಕ್ಕಳಿಗೂ ಹಾನಿ ಮಾಡುತ್ತದೆ. ಬೆಂಕಿ ಹಚ್ಚಿ ಸುಡಲೂಬೇಡಿರಿ. ತೋಯಿಸಿ, ಮೂಗುಬಾಯಿಗೆ ಮುಸುಕು ಕಟ್ಟಿ, ಉದುರಿದ ಚಕ್ಕೆಗಳನ್ನೆಲ್ಲ ಕಾಗದದ ಮೇಲೆ ಕೂಡಿಸಿ, ಹಳೆಯ ಡಬ್ಬಿಯೊಂದಿಗೆ ಅಪಾಯಕಾರಿ ಕಸವೆಂದು ಬೇರೆಯಾಗಿಯೇ ಕಸದ ಗಾಡಿಯವರಿಗೆ ಹೇಳಿ ಒಪ್ಪಿಸಿರಿ. ಮುಖ್ಯವಾಗಿ, ‘ನಮಗೆ ಬೇಡವಾದರೆ ನೆರೆಮನೆಯವರಿಗಾದರೂ ಆಗಲಿ’ ಎಂದು ಆ ತೊಟ್ಟಿಯನ್ನು ದಾನ ಮಾಡಬೇಡಿರಿ. ಮೇಲೆ ಹೇಳಿದ ಹಿಂಸಾದಾನಕ್ಕೆ ಇದೇ ಉದಾಹರಣೆ. ನನ್ನ ತೊಟ್ಟಿಯನ್ನು ಕೇಳಿದವರಿಬ್ಬರಿದ್ದರು. ಕಾರಣವನ್ನು ತಿಳಿಸಿ, ಇಬ್ಬರಿಗೂ ಮಣ್ಣಿನ ತಟ್ಟೆಗಳನ್ನು ತಂದುಕೊಟ್ಟೆನು.

9. ಶಂಕೆ ಮತ್ತು ಸಮಾಧಾನ

ಶಂಕೆ: ನೀರು ತುಂಬಿಟ್ಟರೆ ಸೊಳ್ಳೆಯ ಮರಿಗಳು ಹುಟ್ಟುತ್ತವೆ, ಚೆಲ್ಲಿದರೆ ಅವು ಸಾಯುತ್ತವೆ. ಹೀಗಿರಲು ಇಡದಿರುವುದೇ ಲೇಸಲ್ಲವೇ?

ಸಮಾಧಾನ: ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಬಿಸಿಲಿನಲ್ಲಿ ಸುಮಾರು ಒಂದು ವಾರ ಬೇಕು. ನಿತ್ಯವೂ ನೀರನ್ನು ಬದಲಿಸಿ, ತೊಟ್ಟಿಯ ಮೈಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಮರಿಗಳು ಹುಟ್ಟುವ ಪ್ರಸಂಗವೇ ಬಾರದು. ಹುಟ್ಟಗೊಟ್ಟು ಚೆಲ್ಲುವುದಕ್ಕಿಂತ ಹುಟ್ಟದಂತೆ ಎಚ್ಚರವಹಿಸುವುದೇ ಯತ್ನಾಚಾರ. ಸಾಬೂನು, ಬ್ಲೀಚಿಂಗ್ ಪುಡಿಗಳು ಬೇಡ. ಎರಡು ತಟ್ಟೆಗಳನ್ನಿಟ್ಟುಕೊಂಡು ಒಂದನ್ನು ಬಿಸಿಲಿಗೆ ಒಣಗಿಸಿದರೆ, ಪಾರಿವಾಳ ಬೆಳವಗಳಿಗೆ ನೀರಿನಿಂದ ಅಂಟುವ ಗಂಟಲು ರೋಗದ ಸೂಕ್ಷ್ಮಜೀವಿಗಳೂ ಅದರಲ್ಲಿ ಉಳಿಯುವುದಿಲ್ಲ.

ಶಂಕೆ: ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಆರಂಭವನ್ನು ತ್ಯಜಿಸಿರುತ್ತೇವೆ. ಅಂದು ತೊಟ್ಟಿಯ ಕೆಲಸ ಮಾಡಬಹುದೆ?

ಸಮಾಧಾನ: ತಿಕ್ಕುವ, ದುರಸ್ತಿ ಮಾಡುವ ಕೆಲಸವನ್ನು ಹಿಂದಿನ ದಿನವೇ ಮುಗಿಸಿಡಿರಿ. ಅಂದು ನೀರು ಬದಲಿಸಿ ತುಂಬುವುದನ್ನು ಮನೆಯ ಇನ್ನೊಬ್ಬರಿಗೆ ವಹಿಸಬಹುದು. ಯಾರೂ ಇಲ್ಲದಿದ್ದರೆ ತಾನೇ ತುಂಬತಕ್ಕದ್ದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ನಾವು ಇಚ್ಛೆಯಿಂದ ಉಪವಾಸ ಮಾಡುತ್ತೇವೆ. ಹಕ್ಕಿಯ ಮೇಲೆ ಅದನ್ನು ಹೇರುವ ಅಧಿಕಾರವು ನಮಗಿಲ್ಲ.

ಶಂಕೆ: ತೊಟ್ಟಿಯು ಎಷ್ಟು ಆಳವಿರಬೇಕು?

ಸಮಾಧಾನ: ಅಂಚಿನಲ್ಲಿ ಒಂದು ಬೆರಳು, ನಡುವೆ ಎರಡು ಅಂಗುಲ. ಅದಕ್ಕಿಂತ ಆಳವಾದರೆ ಚಿಕ್ಕ ಹಕ್ಕಿಗಳು ಮುಳುಗುವ ಭಯವಿದೆ. ಬೆಕ್ಕು ಹೊಂಚುವ ಪೊದೆಯಿಂದ ಏಳೆಂಟು ಅಡಿ ದೂರವಿರಲಿ.

10. ಉಪಸಂಹಾರ

ದಿಲ್ಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಹಕ್ಕಿಗಳಿಗೆ ಧರ್ಮಾರ್ಥ ಚಿಕಿತ್ಸೆ ಮಾಡುವ ಆಸ್ಪತ್ರೆಯುಂಟು. ಅಂತಹ ಸಂಸ್ಥೆಯನ್ನು ನಡೆಸುವ ಶಕ್ತಿಯು ಎಲ್ಲರಿಗೂ ಇರುವುದಿಲ್ಲ. ಆದರೆ ಆಸ್ಪತ್ರೆಗೆ ಹೋಗುವ ಒಂದು ಹಕ್ಕಿಯನ್ನು ನಮ್ಮ ಹಿತ್ತಿಲಲ್ಲಿ ಹೆಚ್ಚಿಸದಿರುವ ಶಕ್ತಿಯು ಎಲ್ಲರಿಗೂ ಇದೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಅಭಯದಾನವೆಂದರೆ ಇಷ್ಟೇ: ನಮ್ಮನ್ನು ನಂಬಿ ಬಂದ ಜೀವಕ್ಕೆ ನಮ್ಮಿಂದ ಭಯವಿರಬಾರದು.

ನಾನು ಆಲೋಚನೆ ಮಾಡಿ, ಪ್ರಾಯಶ್ಚಿತ್ತವಾಗಿ ಆ ಬೇಸಗೆಯ ಉಳಿದ ಚತುರ್ದಶಿಗಳಂದು ಉಪವಾಸವನ್ನು ಆಚರಿಸಿದೆನು. ನಿಯಮವನ್ನು ಬಿಡಲಿಲ್ಲ, ಅದಕ್ಕೆ ಒಂದು ಮಾತನ್ನು ಸೇರಿಸಿಕೊಂಡೆನು. ಈಗ ನೀರು ತುಂಬಿಸುವ ಮೊದಲು ತಟ್ಟೆಯ ಒಳಮೈಯ ಮೇಲೆ ಒಮ್ಮೆ ಬೆರಳಾಡಿಸಿ ನೋಡುತ್ತೇನೆ. ಬೆರಳಿಗೆ ಏನೂ ಅಂಟದಿದ್ದರೆ ನೀರು. ಆಮೇಲೆ ನನ್ನ ಊಟ. ಮೊಮ್ಮಗಳು ಊರಿಗೆ ಬಂದಾಗ ಆ ಕೆಲಸವನ್ನು ಅವಳೇ ಮಾಡುತ್ತಾಳೆ.

ವಾಚಕರು ಈ ಪತ್ರಿಕೆಯನ್ನು ಕೆಳಗಿಟ್ಟ ಕೂಡಲೇ ತಮ್ಮ ಹಿತ್ತಿಲಿಗೆ ಹೋಗಿ ತೊಟ್ಟಿಯ ಅಂಚನ್ನು ನೋಡಬೇಕೆಂದು ವಿನಂತಿಸುತ್ತೇನೆ.